ಸಂಕೇತಗಳನ್ನು ಉರು ಹೊಡೆಯುವ ಮುನ್ನ

ಚಿ. ಸಿಂಧುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಧಾತುಗಳ ಹೆಸರು, ಸಂಕೇತ ತಲೆಗೆ ಹತ್ತುತ್ತಿಲ್ಲವೆಂದು ಹಾಸ್ಟೆಲಿನಲ್ಲಿ ನಿದ್ದೆಗೆಟ್ಟು ಉರು ಹೊಡೆಯುತ್ತಿದ್ದೀಯೆ ಎಂದು ನಿನ್ನ ಅಪ್ಪ ಹೇಳಿದ. 118ನ್ನೂ ಗಿಳಿಪಾಠ ಮಾಡಹೊರಟರೆ ಇನ್ನೇನಾದೀತು? ಪ್ರಥಮ ಪಿಯುಸಿಯ ಈ ಹೊತ್ತಿಗೆ ಹೈಡ್ರೋಜನ್‌ನಿಂದ ಸತುವಿನವರೆಗಿನ ಮೊದಲ 30 ಗಟ್ಟಿಯಾದರೆ ಸಾಕು. ಉಳಿದವು ಪಾಠ ಸಾಗಿದಂತೆ ಪರಿಚಯವಾಗುತ್ತವೆ.

ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಸುಮಾರು 1813ರಲ್ಲಿ ಸಂಕೇತಗಳಿಗೆ ಲ್ಯಾಟಿನ್ ಹೆಸರುಗಳ ಅಕ್ಷರಗಳನ್ನು ಆರಿಸಿಕೊಂಡ. ಅದರಿಂದಲೇ ಈ ತೊಡಕು. ಹಾಗೆಂದು ಹೆದರಬೇಡ. ಇಂಗ್ಲಿಷ್ ಹೆಸರಿಗೆ ತಾಳೆಯಾಗದ ಸಂಕೇತಗಳು ಧಾತುಗಳ ಇಡೀ ಆವರ್ತ ಕೋಷ್ಟಕದಲ್ಲಿ 11 ಮಾತ್ರ. ನಿನ್ನ 30ರಲ್ಲಿ ನಾಲ್ಕೇ: ಸೋಡಿಯಂ, ಪೊಟ್ಯಾಸಿಯಂ, ಕಬ್ಬಿಣ, ತಾಮ್ರ.

ಪೊಟ್ಯಾಸಿಯಂಗೆ ‘ಪಿ’ ಎಂದು ಬರೆದು ಅಂಕ ಕಳೆದುಕೊಂಡೆಯಂತೆ. ಅಡಿಕೆ ತೋಟಕ್ಕೆ ತಂದ ಗೊಬ್ಬರದ ಚೀಲಗಳ ಮೇಲೆ ಹತ್ತಿ ಕುಣಿದವಳು ನೀನು! ಚೀಲದ ಮೇಲೆ ದಪ್ಪಕ್ಷರದಲ್ಲಿ ‘ಎನ್‌ಪಿಕೆ 10:26:26’ ಎಂದು ಅಚ್ಚಾಗಿರುತ್ತದೆ. ಎನ್ ಎಂದರೆ ಸಾರಜನಕ, ಪಿ ಎಂದರೆ ರಂಜಕ, ಕೆ ಎಂದರೆ ನಾವು ಪೊಟ್ಯಾಷ್ ಎಂದು ಹಾಕುತ್ತೇವಲ್ಲ, ಅದರೊಳಗಿನ ಪೊಟ್ಯಾಸಿಯಂ. (ಆ ಅಂಕಿಗಳಲ್ಲಿ ಕೊನೆಯ ಎರಡು ಆಕ್ಸೈಡಿನ ಲೆಕ್ಕದವು, ಶುದ್ಧ ಧಾತುವಿನವಲ್ಲ. ಪರೀಕ್ಷೆಗೆ ಬೇಡ, ತಿಳಿದಿರಲಿ.)

ಧಾತುಗಳ ಸಾಲು ನೆನಪಿಡಲೆಂದು ಗೆಳತಿಯರು ಹೇಳಿಕೊಡುವ ಮೋಜಿನ ವಾಕ್ಯಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಒಂದು ಪದ ಮರೆತರೆ ಸಾಲೇ ಕೈಕೊಡುತ್ತದೆ. ಅದರ ಬದಲು ಕೋಷ್ಟಕದ ಕಂಬಸಾಲು ಹಿಡಿದು ಮೇಲಿನಿಂದ ಕೆಳಕ್ಕೆ ಓದು. ಒಂದೇ ಕಂಬಸಾಲಿನ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರೂ ನೀರಿಗೆ ಬಿದ್ದರೆ ಹೈಡ್ರೋಜನ್ ಬಿಡುತ್ತವೆ, ಕೆಳಗಿಳಿದಂತೆ ಆರ್ಭಟ ಹೆಚ್ಚು. ಗುಣ ಗೊತ್ತಾದರೆ ಹೆಸರು ಮರೆಯುವುದು ಕಷ್ಟ.

ಬರೆಯುವಾಗ ಎರಡನೆಯ ಅಕ್ಷರ ಸಣ್ಣದೇ ಇರಲಿ. ‘ಸಿ’ ದೊಡ್ಡದು, ‘ಒ’ ಸಣ್ಣದಾದರೆ ಕೋಬಾಲ್ಟ್ ಲೋಹ. ಎರಡೂ ದೊಡ್ಡವಾದರೆ ಕಾರ್ಬನ್ ಮಾನಾಕ್ಸೈಡ್, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಜೀವ ತೆಗೆಯುವ ಅನಿಲ. ಮ್ಯಾಗ್ನೀಸಿಯಂ, ಮ್ಯಾಂಗನೀಸ್‌ಗಳ ವಿಷಯದಲ್ಲೂ ಎಚ್ಚರ: ಎರಡೂ ‘ಎಂ’ನಿಂದಲೇ ಶುರು, ಎರಡನೆಯ ಅಕ್ಷರ ಮೊದಲನೆಯದಕ್ಕೆ ‘ಜಿ’, ಇನ್ನೊಂದಕ್ಕೆ ‘ಎನ್’.

ದಿನಕ್ಕೊಮ್ಮೆ ಬಿಳಿಹಾಳೆಯ ಮೇಲೆ ಖಾಲಿ ಮನೆಗಳನ್ನು ಗೆರೆ ಎಳೆದು, ಪುಸ್ತಕ ಮುಚ್ಚಿಟ್ಟು ತುಂಬು. ತಪ್ಪಿದವನ್ನಷ್ಟೇ ಮರುದಿನ ಮೊದಲು ನೋಡು. ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಕಳುಹಿಸಿದರೆ ನಾನೇ ತಿದ್ದಿ ಕೊಡುತ್ತೇನೆ, ಆದರೆ ರಾತ್ರಿ ಹತ್ತರ ಮೇಲೆ ಕಳುಹಿಸಬೇಡ. ಆಗ ನಿನ್ನ ದೊಡ್ಡಮ್ಮ ಇಬ್ಬರಿಗೂ ಬೈಯುತ್ತಾಳೆ.

ಇತಿ,
ನಿನ್ನ ದೊಡ್ಡಪ್ಪ