ಸೀನಾ, ಇಲ್ಲಿ 'ನೋಡೋಣ' ಅಂದ್ರೆ ನಿಜವಾಗ್ಲೂ ನೋಡ್ತಾರೆ ಕಣೋ

ಲೋ ಸೀನಾ,

ನಿನ್ನ ವೀಸಾ ಬಂತು ಅನ್ನೋ ಮೆಸೇಜ್ ನೋಡಿದ ತಕ್ಷಣ ಫೋನ್ ಮಾಡೋಣ ಅನ್ಕೊಂಡೆ, ಆದ್ರೆ ನಾವಿಬ್ರು ಫೋನ್ ಹಿಡಿದ್ರೆ ಮಾತು ಹಾಸನದ ಹಾಸ್ಟೆಲ್ ಮೆಸ್ಸಿಗೇ ಹೋಗಿ ನಿಲ್ಲುತ್ತೆ, ಕೆಲಸದ್ದು ಒಂದೂ ಆಗಲ್ಲ. ಅದಕ್ಕೇ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೆ ಯಾಕೋ ಹಾಕ್ದೆ ಅಂತ ಬೈಬೇಡ. ಈ ಕಡೆ ಬರೋ ಹುಡುಗ್ರು ದಿನಾ ಇದನ್ನೇ ಕೇಳ್ತಾರೆ, ಒಬ್ಬೊಬ್ರಿಗೂ ಹೇಳಿ ಬಾಯಿ ನೋವು ಬಂದಿದೆ.

ನೀನು ಕೇಳಿದ್ದು ಜಾಕೆಟ್ ಎಷ್ಟು ದಪ್ಪದ್ದು ಬೇಕು, ಕುಕ್ಕರ್ ತರ್ಲಾ, ಜರ್ಮನ್ ಭಾಷೇಲಿ ಬಿ1 ಮಟ್ಟ ಸಾಕಾ ಅಂತ. ಜಾಕೆಟ್ ಇಲ್ಲೇ ತಗೋ. ಕುಕ್ಕರ್ ತಾ. ಬಿ1 ಸದ್ಯಕ್ಕೆ ಸಾಕು. ಆದ್ರೆ ಈ ಆರು ವರ್ಷದಲ್ಲಿ ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಏಟು ತಿಂದಿದ್ದು ಭಾಷೆ ಬರ್ದೇ ಇದ್ದಿದ್ದಕ್ಕಲ್ಲ ಮಾರಾಯ. ಒಂದೊಂದು ಪದಾನೂ ಅರ್ಥ ಆಗಿ ಮಾತು ಮಾತ್ರ ಅರ್ಥ ಆಗ್ದೇ ಇದ್ದಿದ್ದಕ್ಕೆ.

ಮೊದಲ್ನೇ ವಾರ. ಟೀಮಿನ ಹಿರಿಯರೊಬ್ರು ಕಾಫಿ ಜಗ್ ಹಿಡ್ಕೊಂಡು ಬಂದು ಬೇಕಾ ಅಂದ್ರು. ನಾನು ಹಲ್ಲು ಬಿಟ್ಕೊಂಡು "ಡಾಂಕೆ" ಅಂದೆ, ಥ್ಯಾಂಕ್ಸ್, ಹಾಕಿ ಅಂತ. ಜಗ್ ಮುಂದಿನ ಟೇಬಲ್‌ಗೆ ಹೋಯ್ತು. ಇಲ್ಲಿ ಏನಾದ್ರೂ ಬೇಕಾ ಅಂತ ಕೇಳಿದಾಗ ಬರೀ "ಡಾಂಕೆ" ಅಂದ್ರೆ ಬೇಡ ಅಂತ ಅರ್ಥ, ಬೇಕು ಅಂದ್ರೆ "ಬಿಟ್ಟೆ" ಅನ್ಬೇಕು, ಇಲ್ಲಾ "ಗೆರ್ನೆ" ಅನ್ಬೇಕು. ಇದನ್ನ ಕಲಿತ ಮೇಲೂ ಇನ್ನೊಂದು ಸಲ ಹಸ್ಕೊಂಡು ಬಂದೆ, ಒಬ್ರ ಮನೇಲಿ ಇನ್ನೊಂದು ಪೀಸ್ ಕೇಕ್ ಹಾಕ್ಲಾ ಅಂದಾಗ ಬೇಡ ಬೇಡ ಅಂದ್ಬಿಟ್ಟೆ. ನಮ್ಮಮ್ಮ ಆಗಿದ್ರೆ ಆ ಬೇಡ ಅನ್ನೋದನ್ನ ಕೇಳಿಸ್ಕೊಳೋದೇ ಇಲ್ಲ, ತಟ್ಟೆಗೆ ಅಡ್ಡ ಹಿಡಿದ ಕೈ ಮೇಲೇ ಬಡಿಸ್ತಾರೆ. ಇಲ್ಲಿ ಒಂದು ಸಲ ಬೇಡ ಅಂದ್ರೆ ಎರಡನೇ ಸಲ ಕೇಳಲ್ಲ, ಯಾಕಂದ್ರೆ ನಿನ್ನ ಮಾತನ್ನ ನಂಬೋದೇ ಅವ್ರು ನಿನಗೆ ಕೊಡೋ ಮರ್ಯಾದೆ.

ಕೇಕ್ ಹೋದ್ರೆ ಹೋಯ್ತು ಬಿಡು. ಮುಂದಿಂದು ಅಷ್ಟು ಸುಲಭದಲ್ಲಿ ಮುಗೀಲಿಲ್ಲ.

ಬಂದು ನಾಲ್ಕು ತಿಂಗಳಾಗಿತ್ತು. ಒಂದು ಟೆಸ್ಟಿಂಗ್ ಕೆಲಸ 15ನೇ ತಾರೀಕಿಗೆ ಮುಗಿಯುತ್ತಾ ಅಂತ ಪ್ರಾಜೆಕ್ಟ್ ನೋಡ್ಕೊಳೋರು ಮೀಟಿಂಗಲ್ಲಿ ಕೇಳಿದ್ರು. ಮುಗಿಯಲ್ಲ ಅಂತ ನಂಗೆ ಚೆನ್ನಾಗಿ ಗೊತ್ತಿತ್ತು, 25 ಆಗೋದು. ಆದ್ರೆ ನೀನೂ ಬೆಂಗಳೂರಲ್ಲಿ ಹತ್ತು ವರ್ಷ ದುಡಿದೋನು, ಹೇಳು, ಹತ್ತು ಜನರ ಮುಂದೆ ದೊಡ್ಡೋರು ಕೇಳಿದಾಗ ಆಗಲ್ಲ ಅಂತ ಮುಖಕ್ಕೆ ಹೊಡೆದಂಗೆ ಹೇಳ್ತೀವಾ? ನಾನು "ಸ್ವಲ್ಪ ಟೈಟ್ ಇದೆ, ಟ್ರೈ ಮಾಡ್ತೀನಿ" ಅಂದೆ. ನಮ್ಮ ಹಳೇ ಮ್ಯಾನೇಜರ್ ಆಗಿದ್ರೆ ಅಷ್ಟಕ್ಕೇ ಅರ್ಥ ಮಾಡ್ಕೊಂಡು ಸಂಜೆ ಟೀ ಅಂಗಡಿ ಹತ್ರ ಪಕ್ಕಕ್ಕೆ ಕರೆದು "ನಿಜ ಹೇಳಪ್ಪಾ, ಯಾವಾಗ ಆಗುತ್ತೆ" ಅಂತ ಕೇಳಿರೋರು, ನಾನು 25 ಅಂದಿರ್ತಿದ್ದೆ, ಯಾರಿಗೂ ಬೇಜಾರಿಲ್ಲದೆ ಮುಗ್ದಿರೋದು. ಆ ಎರಡನೇ ಪ್ರಶ್ನೆ ಬರುತ್ತೆ ಅಂತ ಕಾಯ್ತಾ ಕೂತೆ. ಬರ್ಲಿಲ್ಲ. ಬಂದಿದ್ದು ಮೇಲ್. ಮೀಟಿಂಗ್ ಮುಗಿದ ಮೇಲೆ ಯಾರು ಏನು ಒಪ್ಕೊಂಡ್ರು ಅಂತ ಬರೆದು ಎಲ್ರಿಗೂ ಕಳಿಸ್ತಾರೆ, ಪ್ರೊಟೊಕೊಲ್ ಅಂತಾರೆ ಅದಕ್ಕೆ. ಅದ್ರಲ್ಲಿ ನನ್ನ ಹೆಸರು, ಎದುರಿಗೆ ಕೆಲಸ, ಅದರ ಎದುರಿಗೆ 15.

15ನೇ ತಾರೀಕು ಬಂತು. ಇನ್ನೂ ಹತ್ತು ದಿನ ಬೇಕು ಅಂದೆ. ಅವ್ರು ಕೂಗಾಡ್ಲಿಲ್ಲ ಕಣೋ, ಕೂಗಾಡಿದ್ರೆ ಚೆನ್ನಾಗಿರೋದು. ತಣ್ಣಗೆ ಒಂದೇ ಕೇಳಿದ್ರು, ಹತ್ತು ದಿನ ಜಾಸ್ತಿ ಬೇಕು ಅಂತ ನಿಂಗೆ ಯಾವತ್ತು ಗೊತ್ತಾಯ್ತು? ನಾನು ದೊಡ್ಡ ಸತ್ಯವಂತನ ಹಾಗೆ "ಮೊದಲ್ನೇ ದಿನಾನೇ ಗೊತ್ತಿತ್ತು" ಅಂದೆ. ರೂಮಲ್ಲಿದ್ದೋರೆಲ್ಲ ತಲೆ ಎತ್ತಿ ನನ್ನೇ ನೋಡಿದ್ರು. ತಡ ಆಗಿದ್ದು ಅವ್ರಿಗೆ ದೊಡ್ಡ ವಿಷಯಾನೇ ಅಲ್ಲ, ತಾರೀಕು ಮುಂದೆ ಹಾಕೋದು ಅವ್ರಿಗೇನು ಹೊಸದಲ್ಲ. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಅನ್ನೋದೇ ಅವ್ರಿಗೆ ಚುಚ್ಚಿದ್ದು. ಬಾಯಿ ಬಿಟ್ಟಿದ್ದೆ ಕಣೋ, ಟೈಟ್ ಇದೆ ಅಂದಿದ್ದೆ! ನಮ್ಮೂರಲ್ಲಿ ಅದೇ ಬಾಯಿ ಬಿಡೋದು.

ಅವತ್ತು ರಾತ್ರಿ ನಿದ್ದೆ ಬರ್ದೇ ಕೂತು ಲೆಕ್ಕ ಹಾಕ್ದೆ, ನಾವು ಇಲ್ಲ ಅನ್ನೋ ಪದ ಬಳಸ್ದೇ ಇಲ್ಲ ಅನ್ನೋದಕ್ಕೆ ಎಷ್ಟು ದಾರಿ ಮಾಡ್ಕೊಂಡಿದೀವಿ ಅಂತ. ಹೆಣ್ಣು ನೋಡೋಕೆ ಬಂದೋರು ಉಪ್ಪಿಟ್ಟು ಕೇಸರಿಬಾತ್ ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂದ್ರೆ ಅವತ್ತೇ ಗೊತ್ತಾಗುತ್ತೆ. ಸಾಲ ಕೇಳಿದ್ರೆ "ಮುಂದಿನ ತಿಂಗಳು ನೋಡೋಣ". ಅಷ್ಟ್ಯಾಕೆ, ಹೋಗೋವಾಗ್ಲೂ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತ ಹೇಳಿ ಹೋಗ್ತೀವಿ. ಇದ್ಯಾವುದೂ ಸುಳ್ಳಲ್ಲ, ಇಬ್ರಿಗೂ ಗೊತ್ತಿರುತ್ತೆ. ಮೂರನೇ ಊರೋನು ಬಂದು ಕೇಳಿಸ್ಕೊಂಡ್ರೆ ಮಾತ್ರ ಸುಳ್ಳು.

ಈಗ ಏನ್ ಮಾಡ್ತೀನಿ ಅಂದ್ರೆ, ಆಗಲ್ಲ ಅನ್ನೋದನ್ನ ಮೊದಲ್ನೇ ವಾಕ್ಯದಲ್ಲೇ ಹೇಳ್ತೀನಿ, ಕಾರಣ ಎರಡನೇದ್ರಲ್ಲಿ, ಯಾವಾಗ ಆಗುತ್ತೆ ಅನ್ನೋದು ಮೂರನೇದ್ರಲ್ಲಿ. ನಾವು ಉಲ್ಟಾ, ಮೊದ್ಲು ಕಥೆ, ಆಮೇಲೆ ಕಾರಣ, ಕೊನೇಲಿ ಗಂಟಲಲ್ಲೇ ಉಳ್ಕೊಂಡ ಇಲ್ಲ. ಮೊದಮೊದಲು ಬಾಯಿ ಬರಲ್ಲ, ಯಾರಿಗೋ ಬೈದಂಗೆ ಅನ್ಸುತ್ತೆ, ಮನೇಲಿ ಒಬ್ನೇ ಪ್ರಾಕ್ಟೀಸ್ ಮಾಡಿದ್ದೂ ಉಂಟು. ನಗ್ಬೇಡ.

ಇನ್ನು ಅವ್ರು ನಿನಗೆ ಹೇಳೋ ಮಾತು. ನೀನು ಮೂರು ವಾರ ಕೂತು ಮಾಡಿದ್ದನ್ನ ಎಲ್ರ ಮುಂದೆ "ಇದು ತಪ್ಪು" ಅಂತ ಎರಡೇ ಪದದಲ್ಲಿ ಹೇಳ್ತಾರೆ. ನನಗೆ ಮೊದಲ್ನೇ ಸಲ ಹಾಗೆ ಹೇಳಿದೋನ ಜೊತೆ ಜನ್ಮದಲ್ಲಿ ಮಾತಾಡಬಾರ್ದು ಅಂತ ಮುಖ ಊದಿಸ್ಕೊಂಡು ಕೂತಿದ್ದೆ, 12 ಗಂಟೆಗೆ ಅವನೇ ಬಂದು ಊಟಕ್ಕೆ ಹೋಗೋಣ ಬಾ ಅಂದ. ಅವನ ತಲೇಲಿ ತಪ್ಪಾಗಿದ್ದು ಡ್ರಾಯಿಂಗು, ನಾನಲ್ಲ. ಹೊಗಳಿಕೆ ಮಾತ್ರ ಕಾಯ್ಬೇಡ. ಈ ಶ್ವಾಬನ್ ಸೀಮೆಯೋರಲ್ಲಿ, ಅಂದ್ರೆ ಸ್ಟುಟ್‌ಗಾರ್ಟ್ ಸುತ್ತಮುತ್ತಲಿನೋರಲ್ಲಿ, ಒಂದು ಗಾದೆ ಇದೆ, ಬೈದಿಲ್ಲ ಅಂದ್ರೆ ಹೊಗಳಿದ ಲೆಕ್ಕ ಅಂತ. ಅದನ್ನ ಕೇಳಿದಾಗ ನಮ್ಮಪ್ಪನ ನೆನಪಾಯ್ತು, ಎಸ್ಸೆಸ್ಸೆಲ್ಸಿ ರಿಸಲ್ಟ್ ತೋರಿಸಿದ್ರೆ "ಹೂಂ" ಅಂದು ಪೇಪರ್ ಮಡಚಿ ತೋಟಕ್ಕೆ ಹೋದೋರು. ಆ ಮನುಷ್ಯ ಇಲ್ಲಿ ಹುಟ್ಟಿದ್ರೆ ಆರಾಮಾಗಿ ಹೊಂದ್ಕೊಂಡಿರೋರು.

ಕಂಪನಿಯೋರು ಒಂದು ದಿನ ಟ್ರೈನಿಂಗ್ ಇಟ್ಟಿದ್ರು. ಎಡ್ವರ್ಡ್ ಹಾಲ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞ ಒಬ್ರು 1976ರಲ್ಲಿ ಹೇಳಿದ್ದಂತೆ, ಕೆಲವು ಕಡೆ ಅರ್ಥ ಪೂರ್ತಿ ಮಾತಿನಲ್ಲೇ ಇರುತ್ತೆ, ಕೆಲವು ಕಡೆ ಮಾತಿನ ಸುತ್ತ ಇರುತ್ತೆ, ಯಾರು ಹೇಳಿದ್ರು, ಯಾವಾಗ, ಎಷ್ಟು ಹೊತ್ತು ಸುಮ್ನಿದ್ರು, ಅದ್ರಲ್ಲಿ. ಜಪಾನ್ ಆ ತುದಿ, ಜರ್ಮನಿ ಈ ತುದಿ, ಇಂಡಿಯಾ ಜಪಾನ್ ಕಡೆಗೆ. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ ಕಣೋ, ಯಾಕಂದ್ರೆ ಇವ್ರ ಆರ್ಬೈಟ್ಸ್‌ತ್ಸೊಯ್ಗ್ನಿಸ್ ನೋಡಿದೀನಿ. ಬಾಯಿ ತಿರುಗಲ್ಲ ಗೊತ್ತು, ಕೆಲಸ ಬಿಡೋವಾಗ ಕೊಡೋ ಸರ್ಟಿಫಿಕೇಟು ಅದು. ಅದ್ರಲ್ಲಿ ಬರೆದಿದ್ದು ನಿಜಾನೂ ಆಗಿರ್ಬೇಕು, ಕೆಲಸ ಬಿಟ್ಟೋನ ಮುಂದಿನ ದಾರಿಗೆ ಕಲ್ಲೂ ಹಾಕ್ಬಾರ್ದು ಅಂತ ಇಲ್ಲಿನ ಕಾನೂನಿನ ರೀತಿ. ಎರಡೂ ಒಟ್ಟಿಗೆ ಹೆಂಗೆ ಆಗುತ್ತೆ? ಅದಕ್ಕೆ ಒಂದು ಗುಟ್ಟಿನ ಭಾಷೇನೇ ಬೆಳೆದಿದೆ. "ಯಾವಾಗಲೂ ನಮ್ಮ ಪರಿಪೂರ್ಣ ಸಮಾಧಾನಕ್ಕೆ ತಕ್ಕಂತೆ ಕೆಲಸ ಮಾಡಿದರು" ಅಂದ್ರೆ ಫಸ್ಟ್ ಕ್ಲಾಸ್. ಬರೀ "ನಮಗೆ ಸಮಾಧಾನ ಆಗುವಂತೆ ಮಾಡಿದರು" ಅಂದ್ರೆ ಹೆಂಗೋ ಪಾಸು. "ತುಂಬಾ ಪ್ರಯತ್ನ ಪಟ್ಟರು" ಅಂದ್ರೆ ಮುಗೀತು, ಕೆಲಸ ಬರಲ್ಲ ಅಂತ. ನಾನು ಅವತ್ತು ಟ್ರೈ ಮಾಡ್ತೀನಿ ಅಂದಿದ್ನಲ್ಲ, ಅದನ್ನ ಇವ್ರ ಸರ್ಟಿಫಿಕೇಟ್ ಭಾಷೇಲಿ ಓದಿದ್ರೆ ಸರಿಯಾಗೇ ಅರ್ಥ ಆಗಿರೋದು! ಹಾಗಾಗಿ ಇವ್ರು ನೇರ, ನಾವು ಸುತ್ತಿಬಳಸಿ ಅನ್ನೋ ಮಾತನ್ನ ಪೂರ್ತಿ ನಂಬ್ಬೇಡ. ಇವ್ರ ಹತ್ರಾನೂ ಒಂದು 'ನೋಡೋಣ' ಇದೆ, ಅದನ್ನ ಎಲ್ಲಿಟ್ಟಿದಾರೆ ಅಂತ ಹುಡುಕ್ಬೇಕು ಅಷ್ಟೇ.

ಇನ್ನೊಂದು ಕಡೆ ಸಿಕ್ಕಿದ್ದು ನಮ್ಮ ಬಿಲ್ಡಿಂಗ್ ಮೆಟ್ಟಿಲಲ್ಲಿ. ಕೇರ್‌ವೋಹೆ ಅಂತ ಇದೆ ಇಲ್ಲಿ, ಮೆಟ್ಟಿಲು, ಬಾಗಿಲು ಮುಂದಿನ ಜಾಗ ಗುಡಿಸಿ ಒರೆಸೋ ವಾರ. ಸರದಿ ಬಂದಾಗ ಒಂದು ಪುಟ್ಟ ಬೋರ್ಡ್ ನಿನ್ನ ಬಾಗಿಲಿಗೆ ನೇತಾಕಿರ್ತಾರೆ. ಇದ್ರ ಬೇರು 1492ರ ಸ್ಟುಟ್‌ಗಾರ್ಟ್ ಊರಿನ ಕಟ್ಟಳೆಗೆ ಹೋಗುತ್ತೆ ಅಂತಾರೆ, ಹಂಗಾಗಿ ಜೋಕ್ ಮಾಡ್ಬೇಡ. ನನ್ನ ಮೊದಲ್ನೇ ಸರದೀಲಿ ಮೆಟ್ಟಿಲು ಕ್ಲೀನಾಗೇ ಇತ್ತು, ಕ್ಲೀನಾಗಿರೋದನ್ನ ಯಾಕೆ ಗುಡಿಸ್ಬೇಕು ಅಂತ ಬಿಟ್ಟೆ. ಶನಿವಾರ ಕೆಳಗಿನ ಮನೆ ಅಜ್ಜಿ ಸಿಕ್ಕಿ ತುಂಬಾ ಕಾಳಜಿಯಿಂದ ಕೇಳಿದ್ರು, "ನಿಮ್ಮ ಪೊರಕೆ ಮುರಿದು ಹೋಗಿದ್ಯಾ?" ಸೀನಾ, ನಮ್ಮ ಅತ್ತೆ ಮಾತು ಕಣೋ ಅದು! ಅದೇ ಧಾಟಿ, ಅದೇ ಮುಖ.

ಅದೇ ಅಜ್ಜಿ ಆಮೇಲೆ ಭಾನುವಾರ ಕಾಫಿಗೆ ಕರೆದ್ರು, "ಹಾಲ್ಬ್ ಫೀರ್" ಅಂದ್ರು. ಹಾಲ್ಬ್ ಅಂದ್ರೆ ಅರ್ಧ, ಫೀರ್ ಅಂದ್ರೆ ನಾಲ್ಕು, ಅಲ್ಲಿಗೆ ನಾಲ್ಕೂವರೆ ಅಂತ ನಾಲ್ಕೂವರೆಗೆ ಕರೆಕ್ಟಾಗಿ ಬೆಲ್ ಹೊಡೆದೆ. ಇಲ್ಲಿ ಅರ್ಧ ನಾಲ್ಕು ಅಂದ್ರೆ ನಾಲ್ಕಕ್ಕೆ ಅರ್ಧ ಬಾಕಿ, ಅಂದ್ರೆ ಮೂರೂವರೆ. ಅಜ್ಜಿ ಒಂದು ಗಂಟೆ ಟೇಬಲ್ ಮುಂದೆ ಕೂತು ಕಾದಿದ್ರು. ಇಂಡಿಯಾದೋರು ಲೇಟು ಅಂತ ಅನ್ಕೊಂಡಿರ್ತಾರೆ ಅಂತ ನಾನು ಅಲ್ಲೇ ತೊದಲಿಕೊಂಡು ವಿವರಿಸಿದೆ, ನಮ್ಮಲ್ಲಿ ನಾಲ್ಕೂವರೆ ಅಂದ್ರೆ ನಾಲ್ಕು ದಾಟಿ ಅರ್ಧ ಅಂತ. ಬಿದ್ದು ಬಿದ್ದು ನಕ್ರು. ಮುಚ್ಚಿಡ್ದೇ ಹೇಳಿದ್ದಕ್ಕೆ ಕೇಕೂ ಸಿಕ್ತು. ಈ ಸಲ ಎರಡು ಪೀಸ್, ಗೆರ್ನೆ ಅಂದೆ.

ನೀನು-ನೀವು ಬಗ್ಗೆ ನಿನಗೆ ಕಷ್ಟ ಆಗಲ್ಲ. ಅವ್ರ 'ದು' ನಮ್ಮ ನೀನು, 'ಜೀ' ನಮ್ಮ ನೀವು. ಆಫೀಸಲ್ಲಿ ಈಗ ಸುಮಾರು ಜನ ದು ಅಂತಾರೆ, ಆದ್ರೂ ಹಿರಿಯರು ಹೇಳೋ ತನಕ ನೀನಾಗೇ ಇಳೀಬೇಡ. ದೇವ್ರಿಗೆ ಅವ್ರೂ ದು ಅಂತಾನೇ ಕರೀತಾರೆ, ನಾವು ಅಪ್ಪನಿಗೆ ನೀವು ಅಂದು ರಂಗನಾಥನಿಗೆ ನೀನು ಅನ್ನೋ ಹಾಗೆ.

ತಪ್ಪೆಲ್ಲಾ ನಮ್ದೇ ಅಂತ ಅನ್ಕೋಬೇಡ. ನಮ್ಮ ಟೀಮಿನ ಒಬ್ಬ ಹುಡುಗ ಬೆಂಗಳೂರಿಗೆ ಎರಡು ವಾರ ಹೋಗಿ ಬಂದು ಪೆಚ್ಚು ಮುಖ ಹಾಕ್ಕೊಂಡಿದ್ದ, ಅವ್ನು ಹೇಳಿದ ಪ್ರತಿಯೊಂದಕ್ಕೂ ಅಲ್ಲಿನೋರು ತಲೆ ಅಡ್ಡಡ್ಡ ಆಡಿಸಿದ್ರಂತೆ, ಒಬ್ರಿಗೂ ಒಪ್ಪಿಗೆ ಆಗ್ಲಿಲ್ಲ ಅನ್ಕೊಂಡ. ನಮ್ಮ ಆ ತೂಗಾಟ ಹೌದು, ಸರಿ, ಆಯ್ತು, ಕೇಳಿಸ್ತಾ ಇದೆ ಎಲ್ಲಾನೂ ಆಗ್ಬೋದು ಅಂತ ಅವನಿಗೆ ಯಾರು ಹೇಳ್ಬೇಕು? ಸೆಕ್ಯೂರಿಟಿಯೋರು ದಿನಾ "ಊಟ ಆಯ್ತಾ" ಅಂತ ಕೇಳಿದ್ದಕ್ಕೆ ಏನೇನು ತಿಂದೆ ಅಂತ ನಿಂತು ಲಿಸ್ಟ್ ಹೇಳ್ತಿದ್ನಂತೆ. ನಾನು ನಗೋ ಹಾಗಿಲ್ಲ, ಇಲ್ಲಿ ಮಧ್ಯಾಹ್ನ ಆಫೀಸ್ ಕಾರಿಡಾರಲ್ಲಿ ಎದುರು ಸಿಕ್ಕೋರೆಲ್ಲ "ಮಾಲ್‌ತ್ಸೈಟ್" ಅಂತಾರೆ, ಊಟದ ಹೊತ್ತು ಅಂತ ಅದ್ರ ಅರ್ಥ, ನಾನು ಒಂದು ತಿಂಗಳು "ಇಲ್ಲ, ಇನ್ನೂ ಆಗಿಲ್ಲ" ಅಂತ ಉತ್ರ ಕೊಟ್ಟಿದೀನಿ. ಸುಮ್ನೆ ವಾಪಸ್ ಮಾಲ್‌ತ್ಸೈಟ್ ಅನ್ನು, ಸಾಕು.

ಬಂದ ಮೇಲೆ ಒಂದು ಶನಿವಾರ ಟ್ಯೂಬಿಂಗನ್‌ಗೆ ಹೋಗೋಣ, ಇಲ್ಲಿಂದ ಟ್ರೈನಲ್ಲಿ ಹತ್ರಾನೇ. ನಮ್ಮ ಕಿಟೆಲ್ 1903ರಲ್ಲಿ ತೀರ್ಕೊಂಡಿದ್ದು ಅಲ್ಲೇ. ಬೆಂಗಳೂರಲ್ಲಿ ಅವ್ರ ಪ್ರತಿಮೆ ಮುಂದೆ ಬಸ್ಸಿಗೆ ಕಾದಿದೀವಿ, ಒಂದು ಸಲಾನಾದ್ರೂ ತಿರುಗಿ ನೋಡಿದೀವಾ? ಆಸಾಮಿ ಉತ್ತರ ಜರ್ಮನಿಯೋನು, ಇಪ್ಪತ್ತು ದಾಟಿದ ವಯಸ್ಸಲ್ಲಿ ಧರ್ಮ ಪ್ರಚಾರಕ್ಕೆ ಅಂತ ಕನ್ನಡ ನಾಡಿಗೆ ಬಂದು, ಕೊನೆಗೆ 1894ರಲ್ಲಿ ಸುಮಾರು 70,000 ಪದದ ಕನ್ನಡ-ಇಂಗ್ಲಿಷ್ ನಿಘಂಟನ್ನ ಮಂಗಳೂರಲ್ಲಿ ಅಚ್ಚು ಹಾಕಿಸಿದ್ರು. ಹೇಳೋಕೆ ಬಂದೋರು ಕೇಳೋಕೆ ಕೂತ್ರು. ನನಗೆ ಹಿಡಿಸೋದು ಆ ನಿಘಂಟಲ್ಲಿ ಪದದ ಜೊತೆಗೇ ಗಾದೆಗಳನ್ನೂ ಸೇರಿಸಿರೋದು. ಬರೀ ಪದ ಬರ್ಕೊಂಡ್ರೆ ಡಾಂಕೆಗೆ ಥ್ಯಾಂಕ್ಸ್ ಅಂತ ಬರ್ಕೊಂಡು ಕಾಫಿ ಕಳ್ಕೊಂಡ ನನ್ನ ಗತಿ, ಗಾದೆ ಬರ್ಕೋಬೇಕಂದ್ರೆ ಯಾರದೋ ಜಗಲಿ ಮೇಲೆ ಕೂತು ಅವ್ರು ಯಾವಾಗ ಅದನ್ನ ಅಂತಾರೆ ಅಂತ ಕಾಯ್ಬೇಕಲ್ವಾ. ಅವ್ರಿಗಿಂತ ಮುಂಚೆ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರು ಮಾಡಿದ ಮೋಗ್ಲಿಂಗ್ ಅಂತೂ ಪಕ್ಕಾ ಇದೇ ಸೀಮೆಯೋರು, ಬ್ರಾಕನ್‌ಹೈಮ್ ಅಂತ ಇಲ್ಲೇ ಪಕ್ಕದ ಊರು. ಆ ಕಾಲದಲ್ಲಿ ಹಡಗಲ್ಲಿ ತಿಂಗಳುಗಟ್ಟಲೆ ಬಂದೋರು ಅವ್ರು, ನಾವು ರಾತ್ರಿ ಫ್ಲೈಟ್ ಹತ್ತಿ ಬೆಳಗ್ಗೆ ಇಳಿದು ಇನ್ನೂ ಅರ್ಥ ಆಗ್ತಿಲ್ಲ ಅಂತ ಗೋಳಾಡ್ತೀವಿ.

ಆಯ್ತು, ಕೈ ನೋವು ಬಂತು. ಅಮ್ಮನ ಹತ್ರ ಸಾರಿನ ಪುಡಿ ಇಸ್ಕೊಂಡು ಬಾ, ಅರ್ಧ ಕೆಜಿ ಸಾಕು, ಪ್ಯಾಕೆಟ್ ಮೇಲೆ ಏನು ಅಂತ ಬರೀ, ಇಲ್ಲಾಂದ್ರೆ ಕಸ್ಟಮ್ಸ್‌ನೋರು ಕೆಂಪು ಪುಡಿ ನೋಡಿ ನಿಲ್ಲಿಸ್ಕೊಂಡ್ರೆ ನಿನ್ನ ಬಿ1 ಜರ್ಮನ್ ಸಾಕಾಗಲ್ಲ. ಫ್ಲೈಟ್ ಇಳಿಯೋ ದಿನ ನಾನು ಏರ್‌ಪೋರ್ಟ್‌ಗೆ ಬರ್ಬೇಕಾ ಬೇಡ್ವಾ ಅಂತ ಕೇಳಿದ್ದಕ್ಕೆ "ಅಯ್ಯೋ ನಿಂಗ್ಯಾಕೋ ತೊಂದ್ರೆ, ನೋಡೋಣ" ಅಂತ ಕಳಿಸಿದೀಯ. ಬರ್ಲಾ, ಬೇಡ್ವಾ? ಒಂದೇ ಪದದಲ್ಲಿ ಕಳ್ಸು.

ಬರ್ತೀನಿ,
ನಿನ್ನ ಹಳೇ ರೂಮ್‌ಮೇಟ್