ಐಸಿಯು ಸಂಶೋಧನೆಗೆ ಸಹಿ: ಕೇಳಿದವರಿಗೆ ಉತ್ತರ

ಪುಣೆ ಬಳಗದವರಿಗೆ ನಮಸ್ಕಾರ. ಐಸಿಯುನಲ್ಲಿರುವ ಅಪ್ಪನನ್ನು ಸಂಶೋಧನೆಗೆ ಸೇರಿಸಲು ಸಹಿ ಹಾಕಬಹುದಾ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಸುಮ್ನೆ ಹೆದರಬೇಡಿ. ಇಂಥ ಸಂಶೋಧನೆಯಿಂದ ಏನು ಉಪಯೋಗ ಅನ್ನೋದಕ್ಕೆ ಒಂದು ಉದಾಹರಣೆ: ಮೊದಲೆಲ್ಲ ವೆಂಟಿಲೇಟರ್‌ನಿಂದ (ಉಸಿರಾಟಕ್ಕೆ ನೆರವಾಗುವ ಯಂತ್ರ) ಪ್ರತಿ ಉಸಿರಿಗೂ ಜಾಸ್ತಿ ಗಾಳಿ ತುಂಬುತ್ತಿದ್ದರು. 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 861 ರೋಗಿಗಳಿದ್ದರು. ಗಾಳಿ ಕಡಿಮೆ ಪಡೆದವರಲ್ಲಿ ಸಾವು ಶೇ 31, ಜಾಸ್ತಿ ಪಡೆದವರಲ್ಲಿ ಸುಮಾರು ಶೇ 40. ಅವತ್ತು ಯಾರದೋ ಮನೆಯವರು ಒಪ್ಪಿದ್ದಕ್ಕೇ ಇದು ಗೊತ್ತಾಗಿದ್ದು, ಅಲ್ವಾ?

ಆದರೆ ಓದದೆ ಸಹಿ ಬೇಡ. ಕಾಗದ ಮರಾಠಿಯಲ್ಲಿದ್ದರೆ ಬಿಡಿಸಿ ಹೇಳಿಸಿಕೊಳ್ಳಿ. ಎಥಿಕ್ಸ್ ಕಮಿಟಿ (ಸಂಶೋಧನೆ ರೋಗಿಗಳ ಹಿತ ಕಾಯುತ್ತದಾ ಅಂತ ನೋಡುವ ಸಮಿತಿ) ಒಪ್ಪಿಗೆ ಇದೆಯಾ ಕೇಳಿ. ಬೇಡ ಅನ್ನುವ ಹಕ್ಕು ನಿಮಗಿದೆ, ನಡುವೆ ಬಿಡಲೂಬಹುದು.

ಇನ್ನೊಂದು ಮಾತು. ನಮ್ಮಮ್ಮ ಐಸಿಯುನಿಂದ ಮನೆಗೆ ಬಂದಾಗ ಚಹಾ ಲೋಟ ಎತ್ತಲೂ ಕೈ ನಡುಗುತ್ತಿತ್ತು. ಫಿಸಿಯೋಥೆರಪಿ ಯಾವಾಗ ಶುರು ಅಂತ ಈಗಲೇ ಕೇಳಿ.

ಕಾಗದ ಓದಲು ಜೊತೆ ಬೇಕಿದ್ದರೆ ತಿಳಿಸಿ, ಸಂಜೆ ನಾನೇ ಆಸ್ಪತ್ರೆಗೆ ಬರುತ್ತೇನೆ.