ಮಗಳಿಗೊಂದು ಪತ್ರ: ಕ್ಲೌಡಿನ ಬುಡದಲ್ಲಿ ನಾನಿದ್ದೇನೆ

ಥಾಣೆ, ಭಾನುವಾರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, "ಫೋಟೊ ಎಲ್ಲಾ ಕ್ಲೌಡ್‌ನಲ್ಲಿದೆ ಅಪ್ಪ, ಎಲ್ಲಿಗೂ ಹೋಗಲ್ಲ" ಅಂದೆ. ಫೋನಿಟ್ಟ ಮೇಲೂ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಬೆಂಗಳೂರಿನಲ್ಲಿ ನೀನು ಓದುತ್ತಿರುವುದು ಅದೇ ವಿದ್ಯೆ. ನವಿ ಮುಂಬೈಯ ಐರೋಳಿಯ ಡೇಟಾ ಸೆಂಟರಿನಲ್ಲಿ ನಾನು ಕಾಯುವುದು ಅದರ ಬುಡವನ್ನು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೂರಿಸಿಕೊಂಡು ಹೇಳಲಿಲ್ಲ ನೋಡು.

ನಮ್ಮ ಕಟ್ಟಡದಲ್ಲಿ ಕ್ಲೌಡ್ ಅಂದರೆ ಸಾಲು ಸಾಲು ರ‍್ಯಾಕ್. ಅವುಗಳಲ್ಲಿ ಜೋಡಿಸಿದ ಸರ್ವರ್ ಕಂಪ್ಯೂಟರ್‌ಗಳು ಕುಡಿದ ಕರೆಂಟೆಲ್ಲ ಬಿಸಿಯಾಗಿ ಹೊರಗೆ ಬರುತ್ತದೆ. ಆ ಬಿಸಿ ತೆಗೆಯಲು ಮತ್ತೆ ಕರೆಂಟು ಬೇಕು. ಮೇನ್ ಲೈನ್ ಹೋದರೆ ಬ್ಯಾಟರಿ ತಕ್ಷಣ ಹಿಡಿದುಕೊಳ್ಳುತ್ತದೆ, ಆದರೆ ಕೆಲವೇ ನಿಮಿಷ. ಅಷ್ಟರೊಳಗೆ ಡೀಸೆಲ್ ಜನರೇಟರ್ ಶುರುವಾಗಿ ಲೋಡ್ ತೆಗೆದುಕೊಳ್ಳಬೇಕು. ಅದಕ್ಕೇ ನಾನು ಬ್ಯಾಟರಿ ರೂಮಿನಲ್ಲಿ ಟಾರ್ಚ್ ಹಿಡಿದು ಒಂದೊಂದೇ ಟರ್ಮಿನಲ್ ನೋಡುತ್ತಾ ಹೋಗುವುದು. ಬೋಲ್ಟ್ ಸಡಿಲ ಆಗಿದೆಯಾ, ಬಿಳಿ ಪುಡಿ ಕಟ್ಟಿದೆಯಾ, ಹೊಟ್ಟೆ ಉಬ್ಬಿದೆಯಾ. ಒಂದು ಬ್ಯಾಟರಿ ಕೈಕೊಟ್ಟರೆ ಅದರ ಜೊತೆಗಿರುವ ಇಡೀ ಸಾಲು ಕೈಕೊಡಬಹುದು.

2020ರ ಅಕ್ಟೋಬರ್ 12 ನಿನಗೂ ನೆನಪಿರಬೇಕು. ಸೋಮವಾರ, ಬೆಳಿಗ್ಗೆ 10 ಗಂಟೆ ಹೊತ್ತು. ಪಡಘಾ–ಕಳ್ವಾ ನಡುವಿನ 400 ಕಿಲೋವೋಲ್ಟಿನ ವಿದ್ಯುತ್ ಲೈನುಗಳು ಕೈಕೊಟ್ಟು ಮುಂಬೈ, ಥಾಣೆ, ನವಿ ಮುಂಬೈ ಎಲ್ಲಾ ಕತ್ತಲು. ಲೋಕಲ್ ರೈಲುಗಳು ಹಳಿಯ ಮೇಲೇ ನಿಂತವು. ಕಾಲೇಜುಗಳ ಆನ್‌ಲೈನ್ ಪರೀಕ್ಷೆ ಮುಂದೆ ಹೋಯಿತು. ನಮ್ಮ ಸರ್ವರ್ ಹಾಲಿನಲ್ಲಿ ಮಾತ್ರ ಒಂದು ಹಸಿರು ದೀಪವೂ ಆರಲಿಲ್ಲ. ಜನರೇಟರ್ ಸದ್ದಿನ ನಡುವೆ ಅದೇ ಖುಷಿಯಲ್ಲಿದ್ದೆ. ಆಗ ನಿನ್ನ ಫೋನ್ ಬಂತು: "ಅಪ್ಪ, ಕ್ಲಾಸ್ ಹೋಯ್ತು, ವೈಫೈ ಇಲ್ಲ, ಟೀಚರ್ ಹಾಜರಿ ಹಾಕ್ತಿದ್ರು." ಅಳುತ್ತಿದ್ದೆ ನೀನು. ಕೇಳಿ ನನ್ನ ಖುಷಿಯೆಲ್ಲ ಇಳಿದುಹೋಯಿತು. ನಾನು ಎಷ್ಟೇ ಚೆನ್ನಾಗಿ ಕಾದರೂ, ನಮ್ಮ ಮನೆ ಮೂಲೆಯ ಆ ಸಣ್ಣ ವೈಫೈ ಡಬ್ಬಿಗೆ ಕರೆಂಟು ಇಲ್ಲದಿದ್ದರೆ ನಿನ್ನ ಪಾಠ ನಿನಗಿಲ್ಲ.

ವರ್ಸೋವಾ ಕಡಲ ತೀರಕ್ಕೆ ಹೋದಾಗ ಕೋಳಿ ಮೀನುಗಾರರ ದೋಣಿ ಎಣಿಸುತ್ತಿದ್ದೆಯಲ್ಲ, ಅಲ್ಲೇ ದೇಶಕ್ಕೆ ಇಂಟರ್ನೆಟ್ ತರುವ ಹಲವು ದೊಡ್ಡ ಸಮುದ್ರ ಕೇಬಲ್‌ಗಳು ದಡ ಸೇರುತ್ತವೆ. ಒಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಮಾಹಿತಿ ಹೊತ್ತ ಬೆಳಕು ದಾರಿಯಲ್ಲಿ ಮಂಕಾಗುತ್ತದೆ. ಹಾಗಾಗಿ ಹತ್ತಾರು ಕಿಲೋಮೀಟರಿಗೊಂದು, ಬೆಳಕನ್ನು ಮತ್ತೆ ಜೋರು ಮಾಡುವ ರಿಪೀಟರ್ ಇರುತ್ತದೆ, ಅದಕ್ಕೆ ದಡದಿಂದಲೇ ಸಾವಿರಾರು ವೋಲ್ಟಿನ ಕರೆಂಟು ಹೋಗಬೇಕು. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ತುಂಡಾದಾಗ ಇಲ್ಲಿ ನಮ್ಮ ಇಂಟರ್ನೆಟ್ ತೆವಳಿತ್ತು.

ನಿನ್ನ ಅಜ್ಜ ಕುಂದಾಪುರದಿಂದ ಬಂದು ಪರೇಲಿನ ಗಿರಣಿ ಕ್ಯಾಂಟೀನಿನಲ್ಲಿ ದುಡಿದವರು. 1915ರಲ್ಲಿ ಖೋಪೋಲಿಯಲ್ಲಿ ಘಟ್ಟದ ನೀರು ಇಳಿಸಿ ಕರೆಂಟು ಮಾಡಿದ್ದು ಮುಂಬೈಯ ಗಿರಣಿಗಳಿಗಾಗಿ. ಅಜ್ಜನ ಕಾಲಕ್ಕೆ ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು. ಊಟ ನಿಲ್ಲುತ್ತಿರಲಿಲ್ಲ. ಈಗ ಹಾಗಲ್ಲ. ಹೋದ ತಿಂಗಳು ಕೆಳಗಿನ ಮನೆಯ ಮಾವಶಿ ರೇಷನ್ ಅಂಗಡಿಯಲ್ಲಿ ಮೆಷಿನ್‌ಗೆ ಮೂರು ಸಲ ಹೆಬ್ಬೆಟ್ಟು ಒತ್ತಿದರು. ನೆಟ್‌ವರ್ಕ್ ಇಲ್ಲ. ಅಕ್ಕಿ ಮೂಟೆ ಕಣ್ಣೆದುರಿಗೇ ಇತ್ತು. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದರು. ನಾನು ಮೆಟ್ಟಿಲ ಮೇಲೆ ಎದುರಾದೆ, ಏನು ಹೇಳಬೇಕು ಗೊತ್ತಾಗಲಿಲ್ಲ. ಕರೆಂಟಿನ ಕೆಲಸದವನು ಅಂತ ನನ್ನನ್ನೇ ಕೇಳಿದರು, "ಕಧೀ ಯೇಣಾರ್?" ಯಾವಾಗ ಬರುತ್ತೆ ಅಂತ.

ನಾಳೆ ನೀನು ಇಂಥ ಮೆಷಿನ್‌ಗೆ ಪ್ರೋಗ್ರಾಂ ಬರೆಯುತ್ತೀಯ. ಲೈನ್ ಹೋದರೂ ಅಂಗಡಿಯವನು ಅಕ್ಕಿ ಕೊಟ್ಟು, ಆಮೇಲೆ ಲೆಕ್ಕ ಸೇರಿಸುವ ಹಾಗೆ ಬರಿ. ಅರ್ಧ ತುಂಬಿದ ಅರ್ಜಿ ಅಳಿಸಿಹೋಗದ ಹಾಗೆ ಬರಿ. ಇದು ನಿನ್ನಿಂದ ಆಗುತ್ತದೆ, ನನ್ನಿಂದ ಆಗುವುದಿಲ್ಲ.

ಚೌತಿಗೆ ಬರುವಾಗ ಒಂದು ದಿನ ಮುಂಚೆ ಬಾ. ಬ್ಯಾಟರಿ ರೂಮ್ ತೋರಿಸಲು ಪರ್ಮಿಷನ್ ಕೇಳಿಟ್ಟಿದ್ದೇನೆ. ಬೂಟು ತಾ, ಚಪ್ಪಲಿಯಲ್ಲಿ ಒಳಗೆ ಬಿಡುವುದಿಲ್ಲ.

ನಿನ್ನ
ಅಪ್ಪ